ಮೂರನೆಯ ಭಾನುವಾರಕ್ಕೆ ಬಾರದವರು

ನನ್ನ ಟ್ರಂಕಿನಲ್ಲಿ ಮೆರೂನ್ ರೆಕ್ಸಿನ್ ಹೊದಿಕೆಯ ಒಂದು ಪ್ರಬಂಧವಿದೆ. ಅದರ ಮೇಲೆ ಬಂಗಾರದ ಬಣ್ಣದಲ್ಲಿ ಅಚ್ಚಾಗಿರುವ ಹೆಸರು: ‘ಜಹೀರಾಬಾದ್, ನಾರಾಯಣಖೇಡ ಮತ್ತು ತಾಂಡೂರು ತಾಲೂಕುಗಳಲ್ಲಿ ಪೂರಕ ಹಾಗೂ ಪರ್ಯಾಯ ವೈದ್ಯ ಪದ್ಧತಿಗಳು: ಒಂದು ಸಮಗ್ರ ಅಧ್ಯಯನ’. 2010ರಲ್ಲಿ ಎಂ.ಫಿಲ್. ಪದವಿಗೆಂದು ಸಲ್ಲಿಸಿದ್ದು. ಆ ಪದವಿ ನನಗೆ ಸಿಗಲಿಲ್ಲ. ಪ್ರಬಂಧವನ್ನು ಹಿಂದಿರುಗಿಸಿದ ಪರೀಕ್ಷಕರ ಮೇಲೆ ಕೆಲವು ತಿಂಗಳು ಸಿಟ್ಟಿತ್ತು. ಸಿಟ್ಟು ಹೋಯಿತು. ಅದರ ಜಾಗದಲ್ಲಿ ಬಂದು ಕೂತ ಸಂಕಟ ಮಾತ್ರ ಇನ್ನೂ ಎದ್ದು ಹೋಗಿಲ್ಲ.

ಈಚೆಗೆ ನನ್ನ ತರಗತಿಯ ಹುಡುಗಿಯೊಬ್ಬಳು ಪ್ರಾಜೆಕ್ಟಿಗೆ ವಿಷಯ ಬರೆದುಕೊಂಡು ಬಂದಳು. ನೋಟ್‌ಬುಕ್ಕಿನ ಮೊದಲ ಹಾಳೆಯಲ್ಲಿ ಗುಂಡಗಿನ ಅಕ್ಷರ: ‘ಪರ್ಯಾಯ ವೈದ್ಯ ಪದ್ಧತಿಗಳು, ಒಂದು ಅಧ್ಯಯನ’. ಓದಿ ಕೈ ನಡುಗಿತು. ಅವಳಿಗೆ ಅಂದು ಹೇಳಿದ್ದನ್ನೂ, ಹೇಳಲಾಗದೆ ನುಂಗಿಕೊಂಡದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮೂರು ನ್ಯಾಲ್ಕಲ್ ಕಡೆಯದು. 1956ರ ನವೆಂಬರ್ 1ರ ತನಕ ನಾವು ಬೀದರ ಜಿಲ್ಲೆಯವರು. ರಾಜ್ಯಗಳ ಪುನರ್‌ವಿಂಗಡಣೆಯಲ್ಲಿ ನಿರ್ಣಾ ಸರ್ಕಲ್ ಒಂದನ್ನು ಬಿಟ್ಟು ಉಳಿದ ಜಹೀರಾಬಾದ್ ತಾಲೂಕು, ಬೀದರ ತಾಲೂಕಿನ ನ್ಯಾಲ್ಕಲ್ ಸರ್ಕಲ್, ನಾರಾಯಣಖೇಡ ತಾಲೂಕು ಆಂಧ್ರಪ್ರದೇಶಕ್ಕೆ ಸೇರಿದವು. ಕಲಬುರಗಿ ಜಿಲ್ಲೆಯಿಂದ ತಾಂಡೂರು, ಕೊಡಂಗಲ್ ಹೋದವು. ಶಾಲೆಯ ಭಾಷೆ ಬದಲಾಯಿತು, ಕಚೇರಿಯ ಭಾಷೆ ಬದಲಾಯಿತು. ಅಡುಗೆಮನೆಯ ಭಾಷೆ, ಬೇನೆಯ ಭಾಷೆ ಹಾಗೇ ಉಳಿದವು. ನಮ್ಮ ಮನೆಯಲ್ಲಿ ಕಣ್ಣು ಹಳದಿಯಾದರೆ ಅದು ಕಾಮಣಿ. ಓಣಿಯ ಆಚೆ ಬದಿಯ ತೆಲುಗಿನವರಿಗೆ ಪಚ್ಚ ಕಾಮೆರ್ಲು. ಮಸೀದಿಯ ಹಿಂದಿನ ಮನೆಗಳಲ್ಲಿ ಪೀಲಿಯಾ. ಮೂರು ಹೆಸರಿನ ಒಂದೇ ಬೇನೆಗೆ ಔಷಧಿ ಕೇಳುತ್ತ ಎಲ್ಲರೂ ಬರುತ್ತಿದ್ದದ್ದು ನಮ್ಮ ಆಯಿಯ ಹತ್ತಿರ.

ನಾನು ಹತ್ತು ವರ್ಷದವಳಿದ್ದಾಗ ತಮ್ಮನಿಗೆ ಕಾಮಣಿ ಆಯಿತು. ಆಯಿ ನೆಲನೆಲ್ಲಿ ಕಿತ್ತು ತಂದು, ಕಲ್ಲಿನ ಮೇಲೆ ಅರೆದು, ಮಜ್ಜಿಗೆಯಲ್ಲಿ ಕಲಸಿ ಕುಡಿಸಿದಳು. ಅಪ್ಪ ಹೆದರಿ ಅವನನ್ನು ಊರಿನಿಂದಾಚೆ ಒಬ್ಬ ಡಾಕ್ಟರರ ಬಳಿ ಕರೆದೊಯ್ದ. ಆಯಿಯೂ ಜೊತೆಗೆ ಹೋದಳು, ನಾನೂ ಹೋದೆ. ಏನು ಕೊಟ್ಟಿರಿ ಎಂದು ಕೇಳಿದ ಡಾಕ್ಟರು, ಆಯಿ ಹೇಳಿ ಮುಗಿಸುವ ಮೊದಲೇ ಗದರಿದರು. ಎಲ್ಲರ ಎದುರಿಗೆ ಗದರಿದರು. ಊರಿನವರೆಲ್ಲ ಕೈಮುಗಿಯುವ ನನ್ನ ಆಯಿ ಸೆರಗು ಬಾಯಿಗೆ ಒತ್ತಿಕೊಂಡು ಗೋಡೆಗೆ ಆತು ನಿಂತಳು. ಹದಿನೈದು ದಿನದಲ್ಲಿ ತಮ್ಮ ಓಡಾಡತೊಡಗಿದ.

ಹದಿನಾಲ್ಕು ವರ್ಷಗಳ ನಂತರ ನಾನು ಸಂಶೋಧನೆಯ ವಿಷಯ ಆರಿಸಿಕೊಂಡೆ ಎಂದು ಹೇಳುವುದು ಅರ್ಧ ಸುಳ್ಳು. ಆ ಗೋಡೆಯ ಬಳಿಯೇ ವಿಷಯ ತೀರ್ಮಾನವಾಗಿತ್ತು. ಆಯಿಯನ್ನು ಗೆಲ್ಲಿಸಬೇಕು. ಉತ್ತರ ನನ್ನ ಬಳಿ ಮೊದಲೇ ಇತ್ತು, ಅದಕ್ಕೆ ಪುರಾವೆ ಕೂಡಿಸಲು ಒಂದು ವಿಶ್ವವಿದ್ಯಾಲಯ ಬೇಕಾಗಿತ್ತು ಅಷ್ಟೆ.

ಗ್ರಂಥಾಲಯದಲ್ಲಿ ಕುಳಿತಾಗ ವಿಷಯ ದೊಡ್ಡದಾಗುತ್ತ ಹೋಯಿತು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ 1992ರಲ್ಲಿ ಪರ್ಯಾಯ ವೈದ್ಯದ ಕಚೇರಿ ತೆರೆದು, 1998ರಲ್ಲಿ ಅದು ದೊಡ್ಡ ಕೇಂದ್ರವಾಗಿತ್ತು. ನಮ್ಮಲ್ಲಿ 1995ರಲ್ಲಿ ಹುಟ್ಟಿದ ಭಾರತೀಯ ವೈದ್ಯ ಪದ್ಧತಿಗಳ ಇಲಾಖೆಗೆ 2003ರಲ್ಲಿ ಆಯುಷ್ ಎಂದು ಹೆಸರಾಯಿತು. ಇದನ್ನೆಲ್ಲ ಓದಿದಾಗ ನನ್ನ ಆಯಿ ಒಂದು ಜಾಗತಿಕ ಚಳವಳಿಯ ಭಾಗ ಅನ್ನಿಸಿ ಎದೆ ಉಬ್ಬಿತು. ಒಂದು ಅಧ್ಯಾಯ ಆಯುರ್ವೇದಕ್ಕೆ, ಒಂದು ಯುನಾನಿಗೆ, ಒಂದು ಹೋಮಿಯೋಪಥಿಗೆ, ಒಂದು ಮನೆಮದ್ದಿಗೆ, ಒಂದು ದರ್ಗಾ ಮತ್ತು ತಾಯತಕ್ಕೆ. ಮೃಗಶಿರಾ ಮಳೆ ಹೂಡುವ ದಿನ ಹೈದರಾಬಾದಿನಲ್ಲಿ ಉಬ್ಬಸದವರಿಗೆ ಜೀವಂತ ಮೀನಿನ ಬಾಯಲ್ಲಿಟ್ಟು ಕೊಡುವ ಪ್ರಸಾದಕ್ಕೂ ಒಂದು ಅಧ್ಯಾಯ, ಏಕೆಂದರೆ ತಾಂಡೂರಿನಿಂದ ರೈಲು ಹತ್ತಿ ಹೋಗುವವರಿದ್ದರು. ಮೂರು ತಾಲೂಕು, ಮೂರು ಭಾಷೆ, ಆರು ಪದ್ಧತಿ, ಒಬ್ಬಳೇ ನಾನು. ಯಾರೂ ಬೇಡ ಅನ್ನಲಿಲ್ಲ. ‘ಸಮಗ್ರ’ ಎಂಬ ಮಾತು ಎಲ್ಲರಿಗೂ ಹಿಡಿಸಿತು.

ಮೂವತ್ತೆರಡು ಪ್ರಶ್ನೆಗಳ ಒಂದು ಪಟ್ಟಿ ಮಾಡಿ ಜೆರಾಕ್ಸ್ ತೆಗೆಸಿದೆ. ಮೊದಲ ಪ್ರಶ್ನೆ: ‘ನೀವು ಪರ್ಯಾಯ ವೈದ್ಯ ಪದ್ಧತಿಗಳನ್ನು ಬಳಸುತ್ತೀರಾ?’ ನಾರಾಯಣಖೇಡದ ಹತ್ತಿರದ ಒಂದು ಊರಿನಲ್ಲಿ ಜೋಳದ ರೊಟ್ಟಿ ಬಡಿಯುತ್ತಿದ್ದ ಒಬ್ಬ ಅವ್ವ ಈ ಪ್ರಶ್ನೆ ಕೇಳಿ ಕೈ ನಿಲ್ಲಿಸಿದಳು.

“ಪರ್ಯಾಯ ಅಂದ್ರ ಯಾನ್ ಯವ್ವಾ?”

“ದವಾಖಾನಿ ಬಿಟ್ಟು ಬ್ಯಾರೆ ಔಷಧಿ ಅವ್ವ.”

ಅವಳು ಹಿಟ್ಟಿನ ಕೈಯಲ್ಲೇ ಎಣಿಸಿದಳು. ಮೊಮ್ಮಗನಿಗೆ ಜ್ವರ ಬಂದಾಗ ಮೊದಲ ದಿನ ಅವಳೇ ತುಳಸಿ, ಶುಂಠಿ, ಮೆಣಸಿನ ಕಷಾಯ ಮಾಡಿದ್ದಳು. ಎರಡನೆಯ ದಿನ ಓಣಿಗೆ ಬರುವ ಆರ್‌ಎಂಪಿ ಡಾಕ್ಟರಿಂದ ಸೂಜಿ. ಆರ್‌ಎಂಪಿ ಅಂದರೆ ನಮ್ಮ ಕಡೆ ಎಂ.ಬಿ.ಬಿ.ಎಸ್. ಓದದೆ ಸೂಜಿ, ಗುಳಿಗೆ ಕೊಡುವವರು. ಮೋಟಾರ್ ಸೈಕಲ್ ಮೇಲೆ ರಾತ್ರಿಯಾದರೂ ಬರುತ್ತಾರೆ, ದುಡ್ಡು ಸುಗ್ಗಿಗೆ ಕೊಟ್ಟರೂ ಆಗುತ್ತದೆ. ಮೂರನೆಯ ದಿನ ದರ್ಗಾದ ತಾಯತ. ಅದೇ ಸಂಜೆ ಹಕೀಮರ ಪುಡಿ. ಐದನೆಯ ದಿನ ಬೀದರ, ರಕ್ತ ಪರೀಕ್ಷೆ, ಎರಡು ದಿನ ಬೆಡ್ ಮೇಲೆ.

“ಇದರಾಗ ಬ್ಯಾರೆ ಯಾವುದು, ನೀನೇ ಹೇಳವ್ವ. ನನಗ ದೂರ ಇರೋದು ಬೀದರ ಒಂದೇ.”

ನಾನು ಪಟ್ಟಿಯಲ್ಲಿ ‘ಹೌದು’ ಎಂಬ ಚೌಕಕ್ಕೆ ಗುರುತು ಹಾಕಿ ಮುಂದಿನ ಪ್ರಶ್ನೆಗೆ ಹೋದೆ. ಆ ಅವ್ವ ಒಂದು ಇಡೀ ಸಂಶೋಧನೆಯನ್ನು ನನ್ನ ಕೈಗಿಟ್ಟಿದ್ದಳು: ಯಾವ ಬೇನೆಗೆ, ಯಾವ ದಿನ, ಯಾವ ಬಾಗಿಲು, ಆ ಬಾಗಿಲಿನಿಂದ ಮುಂದಿನ ಬಾಗಿಲಿಗೆ ಹೋಗುವುದನ್ನು ಮನೆಯಲ್ಲಿ ತೀರ್ಮಾನಿಸುವವರು ಯಾರು. ಅದು ನನಗೆ ಕಾಣಲಿಲ್ಲ, ಏಕೆಂದರೆ ಅದು ನನ್ನ ಶೀರ್ಷಿಕೆಯಲ್ಲಿ ಇರಲಿಲ್ಲ. ಅವಳ ಲೆಕ್ಕದಲ್ಲಿ ಎಲ್ಲವೂ ಒಂದೇ ದಾರಿಯ ಮನೆಗಳು. ಈ ನೆಲದಲ್ಲಿ ಅದು ಹಳೆಯ ಸಂಗತಿಯೂ ಹೌದು. ಹದಿನೈದನೆಯ ಶತಮಾನದಲ್ಲಿ ಬಹಮನಿ ಸುಲ್ತಾನ ಎರಡನೆಯ ಅಲಾವುದ್ದೀನ್ ಅಹಮದ್ ಬೀದರಿನಲ್ಲಿ ಆಸ್ಪತ್ರೆ ಕಟ್ಟಿಸಿ ಹಿಂದೂ, ಮುಸ್ಲಿಂ ಎರಡೂ ಕಡೆಯ ವೈದ್ಯರನ್ನು ನೇಮಿಸಿದ್ದನ್ನು ಇತಿಹಾಸಕಾರ ಫರಿಷ್ತಾ ದಾಖಲಿಸಿದ್ದಾನೆ. ‘ಪರ್ಯಾಯ’ ಎಂಬ ಮಾತಿನೊಳಗೆ ಯಾವುದು ಮುಖ್ಯ, ಯಾವುದು ಪಕ್ಕದ್ದು ಎಂಬ ತೀರ್ಪು ಮೊದಲೇ ಕೂತಿದೆ. ಆ ತೀರ್ಪಿನ ವಿರುದ್ಧ ವಾದಿಸಲು ಹೊರಟ ನಾನೇ ಅದರ ಮಾತನ್ನು ಹೆಗಲಿಗೆ ಹಾಕಿಕೊಂಡು ಊರೂರು ತಿರುಗಿದೆ.

ಈಗ ಭಾನುವಾರಗಳ ವಿಷಯಕ್ಕೆ ಬರುತ್ತೇನೆ.

ಆಯಿ ತೀರಿಕೊಂಡಿದ್ದಳು. ಹಾಗಾಗಿ ನಮ್ಮೂರಿನಿಂದ ಎರಡು ಊರು ಆಚೆ ಕಾಮಣಿಗೆ ಔಷಧಿ ಕೊಡುವ ಒಬ್ಬ ಮುತ್ಯಾನ ಬಳಿ ಹೋದೆ. ಬೇವಿನ ಕಟ್ಟೆಯ ಮೇಲೆ ಬೆಳಗಿನ ಐದಕ್ಕೆ ಜನ ಕೂಡುತ್ತಿದ್ದರು. ಔಷಧಿ ಹೊಟ್ಟೆಗೆ ಹೋಗುವ ಮೊದಲು ಏನೂ ತಿನ್ನಬಾರದು. ಮುತ್ಯಾ ಸೂರ್ಯ ಹುಟ್ಟುವ ದಿಕ್ಕಿಗೆ ಮುಖ ಮಾಡಿಸಿ, ಹೆಬ್ಬೆರಳಿನಿಂದ ಕೆಳಗಿನ ರೆಪ್ಪೆ ಜಗ್ಗಿ ನೋಡುತ್ತಿದ್ದ. ಆ ಹೆಬ್ಬೆರಳಿನ ಉಗುರು ಸೊಪ್ಪಿನ ರಸದಿಂದ ಕಪ್ಪಗಾಗಿತ್ತು. ಒಳಕಲ್ಲಿನಲ್ಲಿ ಅರೆದ ಹಸಿರು ಮುದ್ದೆ, ಸಣ್ಣ ಲಿಂಬೆ ಹಣ್ಣಿನಷ್ಟು, ಒಂದು ಲೋಟ ಮಜ್ಜಿಗೆಯಲ್ಲಿ. ಎಣ್ಣೆ, ಖಾರ, ಅರಿಶಿಣ ಬಂದ್. ಮೂರು ಭಾನುವಾರ ಬರಬೇಕು. ದುಡ್ಡು ಮುಟ್ಟುತ್ತಿರಲಿಲ್ಲ, ಒಂದು ಟೆಂಗಿನಕಾಯಿ ಸಾಕು. ಮುತ್ಯಾನ ಪ್ರಾಮಾಣಿಕತೆಯ ಬಗ್ಗೆ ನನಗೆ ಅಂದೂ ಸಂಶಯವಿರಲಿಲ್ಲ, ಇಂದೂ ಇಲ್ಲ.

ಆ ಮಳೆಗಾಲದಲ್ಲಿ ಮೊದಲ ಭಾನುವಾರ ಬಂದವರ ಹೆಸರು ಬರೆದುಕೊಳ್ಳುತ್ತ ಹೋದೆ. ಒಟ್ಟು 46 ಹೆಸರಾದವು. ಮೂರನೆಯ ಭಾನುವಾರ ಮರಳಿ ಬಂದವರು 29. ಅವರಲ್ಲಿ 27 ಮಂದಿಯ ಕಣ್ಣು ಬೆಳ್ಳಗಾಗಿತ್ತು, ಹಸಿವು ಮರಳಿತ್ತು. ಶೇಕಡಾ 93 ಎಂದು ಪ್ರಬಂಧದಲ್ಲಿ ದಪ್ಪ ಅಕ್ಷರದಲ್ಲಿ ಬರೆದೆ. ಬಸ್ಸಿನಲ್ಲಿ ಮನೆಗೆ ಬರುವಾಗ ಆಯಿಯನ್ನು ನೆನೆದು ಅತ್ತಿದ್ದು ಇನ್ನೂ ನೆನಪಿದೆ. ಸಂತೋಷದ ಅಳು ಅದು.

ಮೌಖಿಕ ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರು ವಯಸ್ಸಾದವರು, ಮೆಲುದನಿಯವರು. ನನ್ನ ಪುಸ್ತಕವನ್ನು ಪೂರ್ತಿ ಓದಿದ್ದರು, ಅಂಚಿನ ತುಂಬ ಪೆನ್ಸಿಲ್ ಗುರುತು. ಮೂರು ಪ್ರಶ್ನೆ ಕೇಳಿದರು.

ಮೊದಲನೆಯದು: “ಗಿಡದ ಹಾಳೆ ಎಲ್ಲಮ್ಮ?”

ನನಗೆ ಪ್ರಶ್ನೆಯೇ ತಿಳಿಯಲಿಲ್ಲ. ಅಧ್ಯಯನ ಮಾಡಿದ ಗಿಡವನ್ನು ಹೂ, ಕಾಯಿ, ಬೇರು ಸಮೇತ ಒತ್ತಿ ಒಣಗಿಸಿ, ಕಿತ್ತ ಜಾಗ, ದಿನ ಬರೆದು ಒಂದು ಸಸ್ಯಾಗಾರದಲ್ಲಿ ಇಡಬೇಕು, ಆಗ ಮಾತ್ರ ಮುಂದೆ ಬರುವವರು ಇದೇ ಗಿಡವೆಂದು ನಂಬಬಹುದು. ನಾನು ಯಾವುದೋ ಪುಸ್ತಕ ನೋಡಿ ನೆಲನೆಲ್ಲಿಗೆ ‘ಫಿಲಾಂಥಸ್ ನಿರೂರಿ’ ಎಂದು ಬರೆದಿದ್ದೆ. ಆ ಹೆಸರಿನ ನಿಜವಾದ ಗಿಡ ಅಮೆರಿಕ ಖಂಡದ್ದು. ನಮ್ಮ ಹಳೆಯ ಪುಸ್ತಕಗಳಲ್ಲಿ ಆ ಹೆಸರಿನಡಿ ಅಮಾರಸ್, ಫ್ರಾಟರ್ನಸ್, ಡೆಬಿಲಿಸ್ ಎಂಬ ಕನಿಷ್ಠ ಮೂರು ಜಾತಿಗಳು ಕಲಸಿಹೋಗಿವೆ ಎಂದು ಸಸ್ಯಶಾಸ್ತ್ರಜ್ಞರು ಬಹಳ ಹಿಂದೆಯೇ ತೋರಿಸಿದ್ದರು. ಮುತ್ಯಾ ಅರೆಯುತ್ತಿದ್ದದ್ದು ಇವುಗಳಲ್ಲಿ ಯಾವುದು? ಅವನ ಒಳಕಲ್ಲಿನ ಪಕ್ಕ ಅಷ್ಟು ದಿನ ಕುಳಿತವಳ ಬಳಿ ಉತ್ತರವಿರಲಿಲ್ಲ.

ಎರಡನೆಯದು: “1988ರ ಲ್ಯಾನ್ಸೆಟ್ ಲೇಖನವನ್ನು ನೀವು ಓದಿದ್ದೀರಾ?”

ಓದಿರಲಿಲ್ಲ. ಒಂದು ಕಿರುಪುಸ್ತಕದಲ್ಲಿ ಅದರ ಬಗ್ಗೆ ಬರೆದದ್ದನ್ನು ಓದಿ ಎತ್ತಿಕೊಂಡಿದ್ದೆ. ಮದರಾಸಿನ ತ್ಯಾಗರಾಜನ್ ಮತ್ತು ಸಂಗಡಿಗರು, ಹೆಪಟೈಟಿಸ್ ಬಿ ವೈರಸ್ ಕಂಡುಹಿಡಿದು ನೊಬೆಲ್ ಪಡೆದ ಬ್ಲಂಬರ್ಗ್ ಅವರೂ ಸೇರಿ ಮಾಡಿದ ಪ್ರಯೋಗ ಅದು. ನೆಲನೆಲ್ಲಿಯ ಪುಡಿ ತಿಂದ 37 ಮಂದಿಯಲ್ಲಿ 22 ಮಂದಿಯ ರಕ್ತದಿಂದ ವೈರಸ್ಸಿನ ಗುರುತು ಮಾಯವಾಗಿತ್ತು, ಖಾಲಿ ಗುಳಿಗೆ ತಿಂದ 23ರಲ್ಲಿ ಒಬ್ಬರಿಗೆ ಮಾತ್ರ. ಅದನ್ನು ನಾನು ಮುತ್ಯಾನ ಔಷಧಿಗೆ ಸಾಕ್ಷಿಯಾಗಿ ನಿಲ್ಲಿಸಿದ್ದೆ. ಪರೀಕ್ಷಕರು ಸಮಾಧಾನವಾಗಿ ಬಿಡಿಸಿ ಹೇಳಿದರು. ಆ ಪ್ರಯೋಗದಲ್ಲಿದ್ದವರು ವೈರಸ್ಸನ್ನು ದೀರ್ಘಕಾಲ ಮೈಯಲ್ಲಿ ಹೊತ್ತಿದ್ದವರು. ಬೇವಿನ ಕಟ್ಟೆಗೆ ಬರುವ, ಮಳೆಗಾಲದಲ್ಲಿ ಕೆಟ್ಟ ನೀರಿನಿಂದ ಹಬ್ಬುವ ಕಾಮಣಿ ಬೇರೆ. ಅದು ಹೆಚ್ಚಾಗಿ ಹೆಪಟೈಟಿಸ್ ಎ ಅಥವಾ ಇ. ಮೇಲಾಗಿ ಥಾಯ್ಲೆಂಡಿನಲ್ಲಿ, ನ್ಯೂಜಿಲೆಂಡಿನಲ್ಲಿ ಅದೇ ಗಿಡ ಕೊಟ್ಟು ನೋಡಿದವರಿಗೆ ಅಂಥ ಫಲ ಸಿಗಲಿಲ್ಲ. ನನ್ನ ಪ್ರಬಂಧದಲ್ಲಿ ಆ ಸೋತ ಪ್ರಯೋಗಗಳ ಸುಳಿವೇ ಇರಲಿಲ್ಲ. ಮುಂದೆ 2011ರಲ್ಲಿ ಕಾಕ್ರೇನ್ ಸಂಸ್ಥೆಯ ವಿಮರ್ಶೆಯೂ ಹೆಪಟೈಟಿಸ್ ಬಿ ರೋಗಕ್ಕೆ ಈ ಗಿಡದಿಂದ ಗುಣವಾಗುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ ಎಂದೇ ಹೇಳಿತು.

ಮೂರನೆಯದನ್ನು ಕೇಳುವ ಮೊದಲು ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“46 ಮಂದಿ ಬಂದರು. 29 ಮಂದಿ ಮರಳಿದರು. ಉಳಿದ 17 ಮಂದಿ ಏನಾದರಮ್ಮ?”

ಕೋಣೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಆ 17 ಮಂದಿ ನನ್ನ ಲೆಕ್ಕದಲ್ಲಿ ಮನುಷ್ಯರೇ ಆಗಿರಲಿಲ್ಲ. ಬಂದವರನ್ನು ಎಣಿಸಿದ್ದೆ. ಬಂದವರು ಗುಣವಾದ್ದರಿಂದಲೇ, ಅಥವಾ ನಡೆದು ಬರುವ ಶಕ್ತಿ ಇದ್ದುದರಿಂದಲೇ ಬಂದವರು. ಹೆಪಟೈಟಿಸ್ ಎ ಮತ್ತು ಇ ಬಹುಪಾಲು ಜನರಲ್ಲಿ ಕೆಲವು ವಾರಗಳಲ್ಲಿ ತಾವಾಗಿಯೇ ಇಳಿಯುತ್ತವೆ. ಬರೀ ಮಜ್ಜಿಗೆ ಕುಡಿಸಿ, ಎಣ್ಣೆ ಬಿಡಿಸಿ, ಮನೆಯಲ್ಲಿ ಮಲಗಿಸಿದ್ದರೂ ನನ್ನ 93 ಅಷ್ಟೇ ಇರುತ್ತಿತ್ತೋ ಏನೋ. ನನ್ನ ತಮ್ಮ ಗುಣವಾದದ್ದೂ ಹಾಗೆಯೇ ಇರಬಹುದು. ಈ ವಾಕ್ಯ ಬರೆಯಲು ನನಗೆ ಬಹಳ ವರ್ಷ ಬೇಕಾಯಿತು.

ಪ್ರಬಂಧ ತಿದ್ದಿ ಮತ್ತೆ ಸಲ್ಲಿಸಿ ಎಂದರು. ಅವಧಿ ಆರು ತಿಂಗಳು. ನಾನು ತಿದ್ದಲು ಕೂಡಲಿಲ್ಲ. 17 ಹೆಸರುಗಳನ್ನು ಹಿಡಿದು ಊರೂರು ಹುಡುಕಿಕೊಂಡು ಹೋದೆ. ವಿಳಾಸ ಸರಿಯಾಗಿ ಬರೆದುಕೊಂಡಿರಲಿಲ್ಲ, ‘ಗಿರಣಿ ಹತ್ತಿರ’, ‘ಸಾಲಿ ಹಿಂದೆ’ ಎಂದಷ್ಟೇ ಇತ್ತು. ಒಂಬತ್ತು ಮಂದಿ ಮೊದಲೇ ಗುಣವಾಗಿದ್ದರಿಂದ ಮತ್ತೆ ಬಂದಿರಲಿಲ್ಲ. ಅದು ತಿಳಿದಾಗ ಆದ ಹಗುರ ಹೆಚ್ಚು ದಿನ ಉಳಿಯಲಿಲ್ಲ. ಇಬ್ಬರು ಕಬ್ಬು ಕಡಿಯುವ ಕೂಲಿಗೆ ಗುಳೆ ಹೋಗಿದ್ದರು. ನಾಲ್ವರು ಹೊಟ್ಟೆ ಉಬ್ಬಿಯೋ, ಜ್ವರ ಏರಿಯೋ ಬೀದರಕ್ಕೆ, ಹೈದರಾಬಾದಿಗೆ ಹೋಗಿ ಬಂದಿದ್ದರು. ಅವರಲ್ಲಿ ಒಬ್ಬರದು ವೈರಸ್ಸಿನ ಕಾಮಣಿಯೇ ಅಲ್ಲ, ಪಿತ್ತನಾಳದಲ್ಲಿ ಸಿಕ್ಕಿದ ಕಲ್ಲು. ಕಣ್ಣು ಹಳದಿಯಾಗುವುದು ಹತ್ತು ಕಾರಣಗಳಿಗೆ ಒಂದೇ ಗುರುತು ಎಂಬುದು ನನ್ನ ಪ್ರಬಂಧದ ಯಾವ ಪುಟದಲ್ಲೂ ಇರಲಿಲ್ಲ. ಒಬ್ಬರ ಮನೆ ಸಿಗಲೇ ಇಲ್ಲ.

ಉಳಿದವಳು ಒಬ್ಬಳು. ಆ ಮೊದಲ ಭಾನುವಾರ ಅವಳು ಕಟ್ಟೆಯ ಮೇಲೆ ನನ್ನ ಪಕ್ಕದಲ್ಲೇ ಕುಳಿತಿದ್ದಳು. ಮೂವತ್ತೆರಡು ಪ್ರಶ್ನೆ ಕೇಳಿದ್ದೆ. ಜಾತಿ ಕೇಳಿದ್ದೆ, ಹೊಲ ಎಷ್ಟೆಕರೆ ಕೇಳಿದ್ದೆ, ‘ಪಾರಂಪರಿಕ ಜ್ಞಾನದ ಬಗ್ಗೆ ನಿಮ್ಮ ಅಭಿಪ್ರಾಯ’ ಕೇಳಿದ್ದೆ. ಸೀರೆಯ ನೆರಿಗೆಯ ಮೇಲೆ ಕೈಯಿಟ್ಟು ಕುಳಿತವಳಿಗೆ ಎಷ್ಟು ತಿಂಗಳು ಎಂದು ಮಾತ್ರ ಕೇಳಿರಲಿಲ್ಲ. ಪಟ್ಟಿಯಲ್ಲಿ ಆ ಪ್ರಶ್ನೆ ಇರಲಿಲ್ಲ. ಎರಡನೆಯ ಭಾನುವಾರದ ಮೊದಲೇ ಅವಳಿಗೆ ಅಮಲು ಹಿಡಿದಂತಾಗಿ, ಮಾತು ತೊದಲಿ, ಟ್ರ್ಯಾಕ್ಸಿನಲ್ಲಿ ಹಾಕಿಕೊಂಡು ಬೀದರಕ್ಕೆ ಓಡಿದ್ದರು. ಅವಳು ಉಳಿದಳು. ಏಳು ತಿಂಗಳ ಕೂಸು ಉಳಿಯಲಿಲ್ಲ.

ಹೆಪಟೈಟಿಸ್ ಇ ಉಳಿದವರಿಗೆ ಹೇಗೇ ಇರಲಿ, ಬಸುರಿಯರಿಗೆ, ಅದರಲ್ಲೂ ಕಡೆಯ ಮೂರು ತಿಂಗಳಲ್ಲಿ, ಪ್ರಾಣಕ್ಕೆ ಕುತ್ತು ತರುವ ಬೇನೆ. ಆ ಹೊತ್ತಿನಲ್ಲಿ ಸೋಂಕು ತಗಲಿದವರಲ್ಲಿ ನೂರಕ್ಕೆ 20ರಿಂದ 25ರವರೆಗೂ ಸಾವು ಸಂಭವಿಸಬಹುದು. ಇದು ವೈದ್ಯ ಗ್ರಂಥಗಳಲ್ಲಿ ಅಂದಿಗೇ ಇದ್ದ ಮಾತು. ನಾನು ಗ್ರಂಥಾಲಯದಲ್ಲಿ ಕುಳಿತು ಅಮೆರಿಕದ ಕಚೇರಿ ಯಾವಾಗ ತೆರೆಯಿತು ಎಂದು ಓದಿದೆ, ಇದನ್ನು ಓದಲಿಲ್ಲ.

ಅವಳ ಅತ್ತೆ ನನ್ನನ್ನು ಬೈಯಲಿಲ್ಲ. ಚಹಾ ಕೊಟ್ಟಳು. ಹೊರಡುವಾಗ ಬಾಗಿಲಿನ ತನಕ ಬಂದು ಹೇಳಿದಳು: “ಮುತ್ಯಾಗ ಏನ್ ತಿಳೀತದವ್ವ, ಪಾಪ. ನೀ ಓದಿದಾಕಿ. ಬಾಜೂಕ ಕುಂತಿದ್ದಿ. ನೀನರೆ ಒಂದ್ ಮಾತ್ ಹೇಳಬೇಕಿತ್ತು.”

ಮುತ್ಯಾನಿಗೆ ಹೋಗಿ ಎಲ್ಲ ತಿಳಿಸಿದೆ. ಬಹಳ ಹೊತ್ತು ಸುಮ್ಮನೆ ಕುಳಿತ. ಆ ಭಾನುವಾರದಿಂದ ಬಸುರಿ ಹೆಂಗಸರು ಬಂದರೆ ಔಷಧಿ ಕೊಡದೆ, ತಾನೇ ಜೀಪು ಹೇಳಿ ಕಳಿಸತೊಡಗಿದ. ನನ್ನ ಎರಡು ವರ್ಷದ ಕೆಲಸದಿಂದ ಲೋಕಕ್ಕೆ ಆದ ಉಪಯೋಗ ಅದೊಂದೇ, ಅದೂ ಪ್ರಬಂಧದಿಂದ ಆದದ್ದಲ್ಲ. ಆರು ತಿಂಗಳು ಮುಗಿಯಿತು, ನಾನು ಏನನ್ನೂ ಸಲ್ಲಿಸಲಿಲ್ಲ.

ಹಾಗಾದರೆ ಈ ವಿಷಯವನ್ನೇ ಮುಟ್ಟಬಾರದೆ ಎಂದು ಆ ಹುಡುಗಿ ಕೇಳಿದಳು. ಮುಟ್ಟಬೇಕು. ನಮ್ಮ ಗಡಿಯಲ್ಲಿ ಇದಕ್ಕಿಂತ ಹತ್ತಿರದ ವಿಷಯ ಇನ್ನೊಂದಿಲ್ಲ. ಆದರೆ ‘ವಿಷಯ’ ಎಂದು ನಾವು ಕರೆಯುವುದು ಬಹಳ ಸಲ ಒಂದು ಪ್ರದೇಶದ ಹೆಸರು ಮಾತ್ರ. ಅದರೊಳಗೆ ಪ್ರಶ್ನೆ ಇರುವುದಿಲ್ಲ. ಪ್ರಶ್ನೆಯ ಉತ್ತರ ‘ಇಲ್ಲ’ ಎಂದು ಬಂದರೂ ಬರೆಯುವ ಧೈರ್ಯ ಇದೆಯೇ ಎಂದು ಮೊದಲು ನೋಡಿಕೊಳ್ಳಬೇಕು. ನನಗೆ ಆ ಧೈರ್ಯವಿರಲಿಲ್ಲ. ಆಯಿಯ ಮೇಲಿನ ಪ್ರೀತಿಯನ್ನೇ ಧೈರ್ಯ ಎಂದುಕೊಂಡಿದ್ದೆ.

ಅವಳಿಗೆ ತು ಯೂಯೂ ಕಥೆ ಹೇಳಿದೆ. ಮಲೇರಿಯಾಕ್ಕೆ ಔಷಧಿ ಹುಡುಕುತ್ತಿದ್ದ ಆ ಚೀನೀ ವಿಜ್ಞಾನಿಗೆ ‘ಚೀನಾದ ಪಾರಂಪರಿಕ ವೈದ್ಯ’ ವಿಷಯವಾಗಿರಲಿಲ್ಲ. ಒಂದು ಗಿಡದ ರಸ ಒಮ್ಮೆ ಫಲ ಕೊಡುತ್ತದೆ, ಇನ್ನೊಮ್ಮೆ ಕೊಡುವುದಿಲ್ಲ, ಏಕೆ? ಅಷ್ಟೇ ಪ್ರಶ್ನೆ. ನಾಲ್ಕನೆಯ ಶತಮಾನದ ಗೆ ಹಾಂಗ್ ಬರೆದ ಗ್ರಂಥದಲ್ಲಿ ಆ ಗಿಡವನ್ನು ಕುದಿಸದೆ ನೀರಲ್ಲಿ ನೆನೆಸಿ ಹಿಂಡಲು ಹೇಳಿದ್ದನ್ನು ಕಂಡು, ಕಾವೇ ಗುಣವನ್ನು ಕೆಡಿಸುತ್ತಿರಬಹುದೆಂದು ಊಹಿಸಿ, 1971ರಲ್ಲಿ ಕಡಿಮೆ ಉಷ್ಣದಲ್ಲಿ ಈಥರ್ ಬಳಸಿ ಸತ್ವ ತೆಗೆದರು. ಆರ್ಟೆಮಿಸಿನಿನ್ ಹುಟ್ಟಿದ್ದು ಹಾಗೆ, 2015ರಲ್ಲಿ ನೊಬೆಲ್ ಬಂದದ್ದೂ ಅದಕ್ಕೇ. ನಮ್ಮಲ್ಲಿ ಸರ್ಪಗಂಧದ ಬೇರು ರಕ್ತದೊತ್ತಡವನ್ನು ಇಳಿಸುತ್ತದೆಂದು ಮುಂಬಯಿಯ ಡಾ. ರುಸ್ತುಂ ಜಾಲ್ ವಕೀಲ್ 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಬರೆದು ಜಗತ್ತು ತಿರುಗಿ ನೋಡುವಂತೆ ಮಾಡಿದರು. ಅವರದೂ ಒಂದು ಬೇರು, ಒಂದು ಅಳತೆ.

ಅದೇ ಗಿಡಮೂಲಿಕೆಯ ಚೀಲದಲ್ಲಿ ಈಶ್ವರಿ ಬೇರೂ ಇದೆ. ಹಾವು ಕಡಿತಕ್ಕೆ ಆಗುತ್ತದೆಂದು ನಮ್ಮ ಕಡೆಯವರು ನಂಬುವ ಬೇರು. ಆ ಕುಲದ ಗಿಡಗಳಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಮೂತ್ರಪಿಂಡವನ್ನು ಹಾಳುಮಾಡಿ ಕ್ಯಾನ್ಸರ್ ತರುತ್ತದೆಂಬುದು ಬೆಲ್ಜಿಯಂನಲ್ಲಿ ತೂಕ ಇಳಿಸುವ ಗುಳಿಗೆ ತಿಂದ ಹೆಂಗಸರಿಂದ 1993ರಿಂದ ಮುಂದಿನ ವರ್ಷಗಳಲ್ಲಿ ಒಂದೊಂದಾಗಿ ಹೊರಬಿತ್ತು. ಗಿಡದ್ದು, ಆದ್ದರಿಂದ ನಿರಪಾಯ ಎಂದು ನಂಬಿಕೊಂಡು ಯಾರೂ ಹೊರಡಬಾರದು. ಮೂಢನಂಬಿಕೆ ಎಂದು ಮೊದಲೇ ತೀರ್ಮಾನಿಸಿಕೊಂಡೂ ಹೊರಡಬಾರದು. ನನ್ನ ಆಯಿಯನ್ನು ಗದರಿದ ಡಾಕ್ಟರಿಗೂ ನನಗೂ ಈ ಒಂದು ವಿಷಯದಲ್ಲಿ ವ್ಯತ್ಯಾಸವಿರಲಿಲ್ಲ ಎಂದು ಈಗ ಅನ್ನಿಸುತ್ತದೆ: ಇಬ್ಬರೂ ಕೇಳುವ ಮೊದಲೇ ಬಲ್ಲವರಾಗಿದ್ದೆವು.

ಪದವಿ ಕೈಬಿಟ್ಟ ವರ್ಷ ನಾನು ಪಸ್ತಾಪುರಕ್ಕೆ ಹೋಗಿ ಬರುತ್ತಿದ್ದೆ. ಜಹೀರಾಬಾದಿಗೆ ಹತ್ತಿರದ ಊರು. ಅಲ್ಲಿ 1983ರಿಂದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಕೆಲಸ ಮಾಡುತ್ತಿದೆ. ದೂರದರ್ಶನದ ಕೆಲಸ ಬಿಟ್ಟು ಬಂದ ಮೈಸೂರಿನ ಪಿ.ವಿ. ಸತೀಶ್ ಅದನ್ನು ಕಟ್ಟಿದವರಲ್ಲಿ ಪ್ರಮುಖರು. 2023ರ ಮಾರ್ಚಿನಲ್ಲಿ ತೀರಿಕೊಂಡರು. ಅಲ್ಲಿನ ದಲಿತ ಹೆಂಗಸರೇ ಮಾಚನೂರಿನಲ್ಲಿ 2008ರಿಂದ ಸಂಘಂ ರೇಡಿಯೊ ನಡೆಸುತ್ತಾರೆ. ಅವರ ಜೊತೆ ಹೊಲದ ಬದುವಿನ ಮೇಲೆ ನಡೆದಾಗ ನನಗೊಂದು ತಿಳಿಯಿತು. ಬಿತ್ತದೆ ಬೆಳೆಯುವ ಸೊಪ್ಪುಗಳನ್ನು ಅವರು ಔಷಧಿ, ಊಟ ಎಂದು ಎರಡು ರಾಶಿ ಮಾಡುವುದಿಲ್ಲ. ಗಣೇಶ ಚೌತಿಗೆ ತುಂಬೆ ಸೊಪ್ಪು ತಿನ್ನಲೇಬೇಕು. ಬಾಣಂತಿಗೆ ಒಂದು ಸೊಪ್ಪು, ಕಣ್ಣು ಮಂಜಾದವರಿಗೆ ಇನ್ನೊಂದು. ಹೊಲಕ್ಕೆ ಕಳೆನಾಶಕ ಹೊಡೆದರೆ ಪಲ್ಯವೂ ಹೋಯಿತು, ಮದ್ದೂ ಹೋಯಿತು. ಹೊಲಕ್ಕೆ ಕಳೆನಾಶಕ ಬಂದ ಮೇಲೆ ಈ ಮನೆಯ ತಾಟಿನಲ್ಲಿ ಎಷ್ಟು ಬಗೆಯ ಸೊಪ್ಪು ಉಳಿದಿದೆ? ನನ್ನ ಇನ್ನೂರು ಪುಟಕ್ಕಿಂತ ಈ ಒಂದು ಪ್ರಶ್ನೆ ದೊಡ್ಡದು, ಒಂದು ಓಣಿಯಲ್ಲಿ ಮುಗಿಯುವಷ್ಟು ಸಣ್ಣದೂ ಹೌದು.

ತಾಂಡೂರಿನ ಹುಡುಗರಿಗೆ ಹೇಳುತ್ತೇನೆ: ನಿಮ್ಮ ಊರಿನ ಫರ್ಸಿ ಕಲ್ಲು ಕೊಯ್ಯುವ, ಪಾಲಿಶ್ ಮಾಡುವ ಶೆಡ್ಡುಗಳಲ್ಲಿ ಕೆಲಸದವರು ಕೆಮ್ಮು ಬಂದಾಗ ಎಷ್ಟನೆಯ ದಿನ ಕೆಲಸ ಬಿಟ್ಟು ಆಸ್ಪತ್ರೆಗೆ ಹೋಗುತ್ತಾರೆ, ಅಲ್ಲಿಯತನಕ ಏನು ಕುಡಿಯುತ್ತಾರೆ, ಅಷ್ಟನ್ನೇ ಕೇಳಿ ಬನ್ನಿ. ನಾರಾಯಣಖೇಡದವರಿಗೆ ಹೇಳುತ್ತೇನೆ: ನಿಮಗೆ ರೈಲಿಲ್ಲ, ಕಡೆಯ ಬಸ್ಸಿನ ಹೊತ್ತಿಗೂ ಆರ್‌ಎಂಪಿ ಮನೆಯ ಮುಂದಿನ ಸಾಲಿಗೂ ಏನು ಸಂಬಂಧ, ನೋಡಿ. ಕೇಳುವ ಮಾತು ಅವರದೇ ಇರಲಿ. ನಾಟಿ ಔಷಧಿ ಅನ್ನಿ, ಗಾವಟಿ ಔಷಧಿ ಅನ್ನಿ, ಪಸರು ಮಂದು ಅನ್ನಿ. ಬರೆದುಕೊಳ್ಳುವ ಮೊದಲು ಒಪ್ಪಿಗೆ ಕೇಳಿ. ಬೇರಿನ ಹೆಸರು ಹೇಳಿದರೆ ಅದರ ಗುಣ ಹೋಗುತ್ತದೆಂದು ನಂಬಿದ ಮುತ್ಯಾನ ಗುಟ್ಟನ್ನು ನಾನು ಕೇಳದೆ ಅಚ್ಚು ಹಾಕಿಸಿದ್ದೆ. ಅದೂ ನನ್ನ ತಪ್ಪುಗಳ ಪಟ್ಟಿಯಲ್ಲಿದೆ.

ಹುಡುಗಿ ಎರಡು ವಾರ ಬಿಟ್ಟು ಬಂದಳು. ಹಳೆಯ ಹಾಳೆ ಹರಿದಿರಲಿಲ್ಲ, ಅದರ ಕೆಳಗೇ ಹೊಸದಾಗಿ ಬರೆದಿದ್ದಳು: ‘ನಮ್ಮ ಊರಿನಲ್ಲಿ ಕಾಮಣಿ ಬಂದವರು ಮೊದಲು ಯಾರ ಬಳಿ ಹೋಗುತ್ತಾರೆ, ಎರಡನೆಯ ಜಾಗಕ್ಕೆ ಹೋಗಲು ಎಷ್ಟು ದಿನ ತಡವಾಗುತ್ತದೆ?’ ಕೆಳಗೆ ಸ್ಕೇಲಿನಿಂದ ಗೆರೆ ಎಳೆದ ಪಟ್ಟಿ. ಹೆಸರು, ವಯಸ್ಸು, ಬಸುರಿಯೇ, ಮನೆಯ ಗುರುತು, ಫೋನ್ ನಂಬರು. ಕಡೆಯ ಕಾಲಂ ಎಲ್ಲಕ್ಕಿಂತ ಅಗಲ: ‘ಮರಳಿ ಬಾರದಿದ್ದರೆ ನಾವೇ ಹೋಗಿ ನೋಡಿದ ದಿನ’.

ಇದನ್ನು ಓದುವವರು ಗಡಿಯ ಈಚೆಯವರಿರಲಿ, ಆಚೆಯವರಿರಲಿ, ಒಂದು ಕೇಳಿಕೊಳ್ಳುತ್ತೇನೆ. ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಬಸುರಿ ಹೆಣ್ಣುಮಗಳ ಕಣ್ಣು ಹಳದಿಯಾಗಿದ್ದು ಕಂಡರೆ ಭಾನುವಾರದ ತನಕ ಕಾಯಬೇಡಿ. 108ಕ್ಕೆ ಫೋನ್ ಮಾಡಿ, ಅದೇ ದಿನ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ.